ಮಾವ ಎತ್ತಿಟ್ಟ ಊರು

ನನ್ನ ಸೋದರಮಾವನ ಕೈಗೆ ಬ್ರಶ್ ಸಿಕ್ಕರೆ ಭದ್ರಾವತಿಯ ಯಾವ ಕಟ್ಟಡವೂ ಇದ್ದ ಜಾಗದಲ್ಲಿ ಉಳಿಯುತ್ತಿರಲಿಲ್ಲ. ಬೋರ್ಡ್ ಬರೆಯುವುದು ಅವರ ಕಸುಬು. ಅದೇ ಊರಿನ ಜನ್ನಾಪುರದ ತಮ್ಮ ಮನೆಯಲ್ಲಿ, ದೇವರ ಪಟಗಳ ನಡುವೆ, ಹಳೇ ಕ್ಯಾಲೆಂಡರಿನ ಹಾಳೆಯೊಂದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರಲ್ಲಿ ಸ್ಪೇನಿನ ಟೊಲೆಡೊ ಪಟ್ಟಣದ ಚಿತ್ರ. ಹಸಿರು ಗುಡ್ಡ, ಮೇಲೆ ಕರಿಮೋಡ. ಅದನ್ನು ಬರೆದ ಹಳೇ ಕಾಲದ ಚಿತ್ರಕಾರ ದೊಡ್ಡ ಚರ್ಚನ್ನೇ ಎತ್ತಿ ಅರಮನೆಯ ಮಗ್ಗುಲಿಗೆ ಇಟ್ಟಿದ್ದಾನಂತೆ. ಅದನ್ನು ಎಲ್ಲೋ ಓದಿದ್ದೇ ಓದಿದ್ದು, ಮಾವ ಕೆಟ್ಟರು!

ಜನ್ನಾಪುರದ ಹೋಟೆಲಿನವರು ಗೋಡೆಗೆ ಊರಿನ ಚಿತ್ರ ಬರೆಸಿದರು. ಮಾವ ಬಸ್‌ಸ್ಟ್ಯಾಂಡನ್ನು ಹೊಳೆದಂಡೆಗೆ ಸಾಗಿಸಿದರು. ಊರಿಗೆ ಹೊಸಬರೊಬ್ಬರು ಕಾಫಿ ಕುಡಿದು, ಗೋಡೆ ನೋಡಿಕೊಂಡು, ಸೂಟ್‌ಕೇಸ್ ಹೊತ್ತು ನೇರ ಹೊಳೆಗೆ ಹೋದರು. ಬಸ್ಸು ತಪ್ಪಿಸಿಕೊಂಡು, ಒದ್ದೆ ಬೂಟಿನಲ್ಲಿ ಜಗಳಕ್ಕೆ ಬಂದರೆ ಮಾವ, ಕಾಯುವವರಿಗೆ ಗಾಳಿ ಬೇಡವಾ ಸ್ವಾಮಿ ಎಂದು ಅವರನ್ನೇ ಕೇಳಿದರಂತೆ. ಹೋಟೆಲಿನವರು ತಲೆ ಮೇಲೆ ಕೈ ಹೊತ್ತರು. ಆದರೂ ಗೋಡೆ ಅಳಿಸಲಿಲ್ಲ. ಮಾವ ಬರೆದ ಕರಿಮೋಡ ನೋಡಿ ಗಿರಾಕಿಗಳು ಬೇಗ ತಿಂದು ಏಳುತ್ತಿದ್ದರು!

ನನಗೆ ಮಾತ್ರ ನಾಚಿಕೆ. ಒಂದು ದಿನ ಕೇಳಿಯೇಬಿಟ್ಟೆ.

"ಇದ್ದಿದ್ದನ್ನ ಇದ್ದ ಹಾಗೆ ಬರೆದ್ರೆ ಏನು ಮಾವ?"

"ಇದ್ದ ಹಾಗೆ ನೋಡೋಕೆ ಬಾಗಿಲು ತೆಗೆದ್ರೆ ಸಾಕಲ್ಲ ಮಾರಾಯ್ತಿ. ಅದಕ್ಯಾಕೆ ಬಣ್ಣ ಹಾಳು ಮಾಡ್ಲಿ?"

ಅತ್ತೆ ತೀರಿಕೊಂಡ ಮೇಲೆ ಅವರದು ಒಂದೇ ಮಾತು. ಪಕ್ಕದ ಮನೆ ಖಾಲಿ ಇದೆ, ಶಿವಮೊಗ್ಗ ಬಿಟ್ಟು ಇಲ್ಲಿಗೇ ಬಾ. ನಾನು ಶಿವಮೊಗ್ಗದ ಆಲ್ಕೊಳದಿಂದ ಫೋನಿನಲ್ಲೇ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ. ಮೂರು ವರ್ಷ ಹಾಗೇ ಅಂದೆ.

ಹೋದ ತಿಂಗಳು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟರು. ಕೈಯಲ್ಲಿದ್ದ ಕಾಫಿ ಚೆಲ್ಲಿರಲೂ ಇಲ್ಲ. ಇವತ್ತಿಗೂ ನನಗೆ ನಂಬಿಕೆ ಬಂದಿಲ್ಲ.

ಹದಿಮೂರನೇ ದಿನ ಕಳೆದು ಮನೆ ಗುಡಿಸುವಾಗ ಬೀರುವಿನ ಹಿಂದೆ ಒಂದು ಪ್ಲೈವುಡ್ ಹಲಗೆ ಸಿಕ್ಕಿತು. ಮತ್ತೆ ಅದೇ ಕರಿಮೋಡ, ಕೆಳಗೆ ಜನ್ನಾಪುರ. ಇನ್ನು ಯಾವ ಕಟ್ಟಡ ಎತ್ತಿಟ್ಟಿದ್ದಾರೋ ಎಂದು ಹುಡುಕಿದೆ. ಎಲ್ಲವೂ ಇದ್ದಲ್ಲೇ ಇತ್ತು! ಒಂದನ್ನು ಬಿಟ್ಟು. ಅವರ ಮನೆಗೆ ಅಂಟಿಕೊಂಡಂತೆ ಹಸಿರು ಗೇಟಿನ ಮನೆ, ಗೇಟಿನ ಮೇಲೆ ಜಾಜಿ ಬಳ್ಳಿ, ಮುಂದೆ ಒಂದೇ ಕನ್ನಡಿ ಉಳಿದ ಸ್ಕೂಟರ್. ಆಲ್ಕೊಳದ ನನ್ನ ಮನೆ.

ಎರಡು ಮನೆಗೂ ಸೇರಿಸಿ ಒಂದೇ ಹಗ್ಗ ಕಟ್ಟಿದ್ದರು. ಅದರ ಮೇಲೆ ಅವರ ಪಂಚೆ, ಪಕ್ಕದಲ್ಲಿ ನನ್ನ ಸೀರೆ ಒಣಗುತ್ತಿತ್ತು.