ಇನ್ನೂರು ನೊಣದ ಲೆಕ್ಕ

ತಾರಾನಾಥನ ಗ್ರಹಚಾರ ಆ ಭಾನುವಾರ ದೀಪದ ಬತ್ತಿಯಿಂದ ಶುರುವಾಯಿತು.

ಅಮೆರಿಕದ ಡರ್ಹಮ್‌ನ ಲ್ಯಾಬೊಂದರಲ್ಲಿ ಅವನದು ನೊಣ ಸಾಯಿಸುವ ಕೆಲಸ. ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಪುಟ್ಟ ನೊಣಗಳಿಗೆ ಒಂದು ವೈರಸ್ ಚುಚ್ಚಿ, ಎಷ್ಟು ದಿನಕ್ಕೆ ಸಾಯುತ್ತವೆಂದು ಎಣಿಸಬೇಕು. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ. ಕೀಟಗಳಿಗೆ ಮಾತ್ರ ಅದು ಯಮ. ಲ್ಯಾಬಿನ ಏಸಿ ಕೆಟ್ಟಿತೆಂದು ಪುಣ್ಯಾತ್ಮ ಯಾರಿಗೂ ಹೇಳದೆ ಹತ್ತು ಸೀಸೆ ನೊಣಗಳನ್ನು ಮನೆಗೇ ತಂದಿದ್ದ. ಐದಕ್ಕೆ ವೈರಸ್, ಐದಕ್ಕೆ ಬರೀ ಉಪ್ಪುನೀರು. ಸೋಮವಾರ ಲೆಕ್ಕ ಒಪ್ಪಿಸಿದರೆ ಕೆಲಸ ಒಂದು ವರ್ಷ ಮುಂದುವರಿಯುತ್ತದೆ. ಇಲ್ಲದಿದ್ದರೆ ಕೆಲಸದ ಜೊತೆ ವೀಸಾನೂ ಹೋದಂತೆ.

ಬಾಗಿಲಿಗೆ ಬೀಗ ಹಾಕದೆ ಕೆಳಗಿನ ಲಾಂಡ್ರಿಗೆ ಹೋಗಿ ಬಟ್ಟೆ ಹಾಕಿ ಬರುವಷ್ಟರಲ್ಲಿ ಹತ್ತೂ ಸೀಸೆಗಳು ಬಾಯಿ ಬಿಟ್ಟುಕೊಂಡಿದ್ದವು. ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದ ಪಕ್ಕದ ಮನೆಯ ಮಹಾದೇವಕ್ಕ ಸೋಫಾದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

"ಬಾಪ್ಪ. ದೀಪಕ್ಕೆ ಹತ್ತಿ ಮುಗ್ದಿತ್ತು. ನಿನ್ ಬಾಟ್ಲಿ ಬಾಯಲ್ಲಿ ಎಂಥಾ ಒಳ್ಳೆ ಹತ್ತಿ! ಒಳಗೆ ನೊಣ ಸಾಯ್ತಿದ್ವು, ಪಾಪ. ಕಿಟಕಿಯಿಂದ ಕೊಡವಿಬಿಟ್ಟೆ."

"ಅಯ್ಯೋ ಮಹಾದೇವಕ್ಕ, ಅವು ನನ್ನ ನೊಣ!"

"ನೊಣದಲ್ಲೂ ನಂದು ನಿಂದು ಅಂತ ಇರುತ್ತೇನಪ್ಪ?"

ಗಲಾಟೆ ಕೇಳಿ ಎದುರು ಮನೆಯ ದತ್ತಾತ್ರೇಯ ಓಡಿಬಂದ. ಸಾಫ್ಟ್‌ವೇರಿನವನು, ಬೇಡವೆಂದರೂ ಸಹಾಯ ಮಾಡುವ ಪೈಕಿ. "ಟೆನ್ಷನ್ ತಗೋಬೇಡಿ. ಎಷ್ಟು ನೊಣ ಬೇಕು?"

"ಸೀಸೆಗೆ ಇಪ್ಪತ್ತರ ಹಾಗೆ ಇನ್ನೂರು. ಆದ್ರೆ ಅವೇ ಬೇಕು ಮಾರಾಯ್ರೇ!"

ತಾರಾನಾಥನಿಗೆ ಸುಳ್ಳು ಹೇಳುವ ಧೈರ್ಯವಿರಲಿಲ್ಲ. ಪಾರ್ಕಿಂಗ್ ಲಾಟಿಗೆ ಇಳಿದು, ಬಾಸ್ ಮಾರ್ಗರೆಟ್‌ಗೆ ಫೋನ್ ಮಾಡಿದ. ಎತ್ತಲಿಲ್ಲ. "ನನ್ನ ಮನೆಯಲ್ಲಿರೋ ನೊಣಗಳಿಗೆ..." ಎಂದಷ್ಟೇ ಮೆಸೇಜ್ ಬಿಟ್ಟು ಫೋನ್ ಇಟ್ಟುಬಿಟ್ಟ. ಎರಡು ಗಂಟೆ ಅಲ್ಲೇ ಕಾರಿನಲ್ಲಿ ಕೂತು ಉಗುರು ಕಚ್ಚಿದ. ಫೋನ್ ಬರಲಿಲ್ಲ, ಮಾರ್ಗರೆಟ್ಟೇ ಬಂದಳು; ಅವನು ವಿಷಯ ಹೇಳುವ ಮೊದಲೇ ಮೆಟ್ಟಿಲು ಹತ್ತಿಬಿಟ್ಟಳು.

ಮೇಲೆ ಹೋಗಿ ನೋಡಿದರೆ ಮೇಜಿನ ಮೇಲೆ ಹತ್ತೂ ಸೀಸೆಗಳು ಸಾಲಾಗಿ ನಿಂತಿವೆ! ಬಾಯಿಗೆ ಹತ್ತಿ, ಒಳಗೆ ಜೀವಂತ ನೊಣ. ದತ್ತಾತ್ರೇಯ ಹಲ್ಲು ಬಿಟ್ಟ. "ಎಲ್ಲಾ ನಮ್ಮ ಕಿಚನ್ ಟ್ರ್ಯಾಶಿಂದು ಸಾರ್. ಎಣಿಸಿ ತುಂಬಿಸಿದ್ದೀನಿ."

ಮಾರ್ಗರೆಟ್‌ಗೆ ಕನ್ನಡ ಬಾರದು. ವೈರಸ್ ಎಂದು ಚೀಟಿ ಅಂಟಿಸಿದ್ದ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಕಣ್ಣರಳಿತು. "ಚುಚ್ಚಿ ಆರು ದಿನ ಆಯ್ತು, ಒಂದೂ ಸತ್ತಿಲ್ಲ! ವೈರಸ್ಸನ್ನೇ ಗೆದ್ದ ನೊಣಗಳು!"

"ಅವು ನನ್ನ ನೊಣಗಳಲ್ಲ ಮಾರ್ಗರೆಟ್..."

"ನಿನ್ನವೂ ಅಲ್ಲ, ನನ್ನವೂ ಅಲ್ಲ, ವಿಜ್ಞಾನದವು! ವಿನಯ ಸಾಕು." ಅವಳು ಅವನ ಬೆನ್ನು ತಟ್ಟಿದಳು. "ಇನ್ನು ನಿನಗೆ ಒಂದಲ್ಲ, ಎರಡು ವರ್ಷ ಕೆಲಸ. ಮುಂದಿನ ವಾರ ಅಟ್ಲಾಂಟಾದಿಂದ ತಜ್ಞರು ಬರ್ತಾರೆ. ಅವರ ಎದುರು ಇವಕ್ಕೆ ಇನ್ನೊಂದು ಸಲ ವೈರಸ್ ಚುಚ್ಚಿ, ಒಂದೂ ಸಾಯಲ್ಲ ಅಂತ ತೋರಿಸಿಬಿಡು. ಅವತ್ತೇ ಸಹಿ ಹಾಕ್ತೀನಿ."