ಮೇಲೇರುವ ನರ್ಸಿಗೆ ಇಳಿಯುವ ವಕೀಲರು

ನಾಪೋಲಿ ನಗರದ ಮಾತೆರ್ದೇಯಿ ಬಡಾವಣೆಯಲ್ಲಿರುವ ನಮ್ಮ ಆರಂತಸ್ತಿನ ಕಟ್ಟಡದಲ್ಲಿ, ಲಾಕ್‌ಡೌನ್ ಜಾರಿಗೆ ಬಂದ ಮೊದಲ ವಾರದಲ್ಲೇ, ಕೃತಜ್ಞತೆಯನ್ನು ಸರ್ವಾನುಮತದಿಂದ ಕಡ್ಡಾಯಗೊಳಿಸಲಾಯಿತು.

ಆ ದಿನಗಳಲ್ಲಿ ಬೇರೆ ಕಟ್ಟಡಗಳವರೂ ಏನೇನೋ ಕಲಿತರು. ಕೆಲವರು ಬ್ರೆಡ್ ಸುಡುವುದನ್ನು, ಕೆಲವರು ಗಿಟಾರನ್ನು, ಇನ್ನು ಕೆಲವರು ಸ್ವಂತ ಮಕ್ಕಳ ಹೆಸರುಗಳನ್ನು ಕಲಿತರು. ನಾವು ಕಲಿತದ್ದು ಕೃತಜ್ಞತೆ ಮತ್ತು ಭೌತಶಾಸ್ತ್ರ. ಎರಡನ್ನೂ ಕಲಿಸಿದವನು ಆನಿಯೆಲ್ಲೊ ಮಾಮನೇ ಎಂದು ಜನ ಹೇಳುತ್ತಾರೆ. ಆನಿಯೆಲ್ಲೊ ಎಂದರೆ ನಾನು. ಅವರು ಹೇಳಲು ಮರೆತರೆ ನಾನೇ ನೆನಪಿಸುತ್ತೇನೆ. ಗುಡ್ಡ ಹತ್ತುವ ಹಗ್ಗದ ರೈಲಿನಲ್ಲಿ ನಿವೃತ್ತಿಯವರೆಗೂ ಬ್ರೇಕು ಹಿಡಿದವನು ನಾನು. ನನ್ನ ಕಾಲದಲ್ಲಿ ರೈಲು ಎಷ್ಟು ಮೆತ್ತಗೆ ನಿಲ್ಲುತ್ತಿತ್ತೆಂದರೆ, ಅದು ನಿಂತಿತ್ತೆಂಬುದು ಜನರಿಗೆ ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ ತಿಳಿಯುತ್ತಿತ್ತು.

ಕೃತಜ್ಞತೆ ಸಲ್ಲಿಸಬೇಕೆಂದರೆ ಎದುರಿಗೆ ಒಬ್ಬರು ಬೇಕು. ನಮ್ಮ ಪುಣ್ಯಕ್ಕೆ ಆರನೇ ಅಂತಸ್ತಿನ ಬಾಡಿಗೆ ಮನೆಯಲ್ಲಿ ರೊಸಾಲ್ಬಾ ಇದ್ದಳು. ಜ್ವರದ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಬೆಳಿಗ್ಗೆ ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ನಾವೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದೆವು. ನನ್ನ ಚಪ್ಪಾಳೆ ಬಂದರಿನವರೆಗೆ ಕೇಳಿಸಿ, ಅಲ್ಲಿ ಹೊರಡಬೇಕಿದ್ದ ಹಡಗೊಂದು ನಿಂತಿತ್ತೆಂಬ ಮಾತಿದೆ. ನಾನು ಅದನ್ನು ಒತ್ತಿ ಹೇಳುವುದಿಲ್ಲ.

ಎರಡನೇ ವಾರ ಲಿಫ್ಟಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿತು:

"ನಮ್ಮ ವೀರವನಿತೆಯ ಬಗ್ಗೆ ಈ ಕಟ್ಟಡಕ್ಕೆ ಅಪಾರ ಗೌರವವಿರುವುದರಿಂದಲೂ, ಸದರಿ ಗೌರವವನ್ನು ದೂರದಿಂದ ಸಲ್ಲಿಸುವುದೇ ಕ್ಷೇಮವೆಂದು ಕಂಡುಬಂದಿರುವುದರಿಂದಲೂ, ಅವರು ಇನ್ನು ಮುಂದೆ ಲಿಫ್ಟನ್ನು ಮುಟ್ಟತಕ್ಕದ್ದಲ್ಲ. ಚಪ್ಪಾಳೆ ಎಂದಿನಂತೆ ಮುಂದುವರಿಯುವುದು."

ಇದನ್ನು ಬರೆದವರು ಮೊದಲ ಅಂತಸ್ತಿನ ವಕೀಲ ಸ್ಪಾಡಾರೊ. ಲಿಫ್ಟಿನ ಅಗತ್ಯವೇ ಇಲ್ಲದವರು ಅವರೊಬ್ಬರೇ ಆಗಿದ್ದುದರಿಂದ ಈ ವಿಷಯದಲ್ಲಿ ನಿಷ್ಪಕ್ಷಪಾತಿಗಳೂ ಅವರೊಬ್ಬರೇ. ಅಲ್ಲದೆ ನಮ್ಮಲ್ಲಿ ತಲೆಗೊಂದು ಮತ ಎಂಬ ಒರಟು ಪದ್ಧತಿ ಇಲ್ಲ. ಇಡೀ ಕಟ್ಟಡವೆಂದರೆ ಸಾವಿರ ಪಾಲು. ಯಾರ ಮನೆ ದೊಡ್ಡದೋ ಅವರ ಮತ ದಪ್ಪ. ವಕೀಲರು ಕೈಯೆತ್ತಿದರೆ ಅರ್ಧ ಕಟ್ಟಡವೇ ಕೈಯೆತ್ತಿದ ಹಾಗೆ. ರೊಸಾಲ್ಬಾ ಬಾಡಿಗೆಯವಳು, ಅವಳ ಪಾಲು ಸೊನ್ನೆ. ಆದ್ದರಿಂದ ನಿರ್ಣಯ ಸರ್ವಾನುಮತದ್ದಾಯಿತು.

ರೊಸಾಲ್ಬಾ ಪ್ರಕಟಣೆ ಓದಿ ಮತ್ತೆ ಬೀದಿಗೆ ಬಂದಳು. ಮುಖದ ಮೇಲೆ ಮಾಸ್ಕಿನ ಗೆರೆ ಬರೆ ಎಳೆದಂತೆ ಮೂಡಿತ್ತು.

"ವಕೀಲ್ರೇ, ಚಪ್ಪಾಳೆ ನೀವೇ ಇಟ್ಕೊಳಿ. ಲಿಫ್ಟ್ ಕೊಡಿ. ರಾತ್ರಿಯೆಲ್ಲಾ ನಿಂತು ಬಂದಿದೀನಿ, ಹಾಸಿಗೆ ಸೇರಿದ್ರೆ ಸಾಕಾಗಿದೆ."

ವಕೀಲರು ಬಾಲ್ಕನಿಯಿಂದ ಬಗ್ಗಿ ನೋಡಿದರು. "ಅಮ್ಮಾ, ಚಪ್ಪಾಳೆ ನಮ್ಮ ಸ್ವಂತದ್ದು, ಎಷ್ಟು ಬೇಕಾದ್ರೂ ಕೊಡ್ತೀವಿ. ಲಿಫ್ಟು ಎಲ್ಲರ ಜಂಟಿ ಆಸ್ತಿ. ಅದನ್ನ ನಾನೊಬ್ಬ ಹೆಂಗೆ ಕೊಡ್ಲಿ?"

"ಕಿತ್ಕೊಂಡಿದ್ದು ನೀವೊಬ್ರೇ ತಾನೇ?"

"ಕಿತ್ಕೊಂಡಿಲ್ಲಮ್ಮ. ನಿನ್ನ ಕಾಪಾಡಿದ್ದು."

ಅವಳು ಮೆಟ್ಟಿಲು ಹತ್ತಿದಳು. ನಾವು ಪ್ರತಿ ಅಂತಸ್ತಿನಲ್ಲೂ ಬಾಗಿಲು ಹಾಕಿಕೊಂಡು, ಕಿಂಡಿಯಿಂದ ನೋಡುತ್ತಾ, ಒಳಗಿನಿಂದಲೇ ಚಪ್ಪಾಳೆ ತಟ್ಟಿ ಹುರಿದುಂಬಿಸಿದೆವು. ಮೊದಮೊದಲು ಆರನೆಯದನ್ನು ಮುಟ್ಟುತ್ತಿದ್ದಳು. ಬರಬರುತ್ತಾ ಮೂರನೆಯದರಲ್ಲೇ, ವಿಧವೆ ತಿತೀನಮ್ಮನ ಬಾಗಿಲಿಗೆ ಒರಗಿ ನಿದ್ದೆ ಹೋಗತೊಡಗಿದಳು.

ತಿತೀನಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: "ಮಗಳೇ, ಏಳು ತಾಯಿ. ನೀನು ಅಲ್ಲಿ ಮಲಗಿದ್ರೆ ನಾನು ಕಸ ಹೆಂಗೆ ಹೊರಗಿಡ್ಲಿ?"

ಮೆಟ್ಟಿಲುಗಳ ಮೇಲೆ ನಿದ್ರಿಸುವುದನ್ನು ನಿಷೇಧಿಸಲಾಯಿತು. ಆದರೆ ನಿದ್ದೆಯಲ್ಲಿದ್ದವಳು ಪ್ರಕಟಣೆಯನ್ನು ಓದಲಿಲ್ಲ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಮನುಷ್ಯರನ್ನು ಮೇಲೇರಿಸುವ ವಿದ್ಯೆ ಆ ಕಟ್ಟಡದಲ್ಲಿ ಬಲ್ಲವನು ನಾನೊಬ್ಬನೇ.

ತಿತೀನಮ್ಮ ತರಕಾರಿಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಬದನೆಕಾಯಿ ಮೇಲೆ ಬರುವುದಾದರೆ ನರ್ಸ್ ಯಾಕೆ ಬರಬಾರದು? ತಾರಸಿಯ ಅಂಚಿಗೆ ರಾಟೆ ಕಟ್ಟಿಸಿದೆ. ಒಂದೇ ಹಗ್ಗದ ಎರಡು ತುದಿಗೆ ಎರಡು ದೊಡ್ಡ ಬುಟ್ಟಿ, ನಡುವೆ ಬ್ರೇಕು, ಬ್ರೇಕಿನಿಂದ ಹೆಬ್ಬಾಗಿಲವರೆಗೆ ಇಳಿಬಿಟ್ಟ ಇನ್ನೊಂದು ಹಗ್ಗ, ಅದರ ಮೇಲೆ ನನ್ನ ಕೈ. ಹಗ್ಗದ ರೈಲಿನ ತತ್ವ ಬಲು ಸರಳ: ಒಂದು ಮೇಲೇರಬೇಕಾದರೆ ಇನ್ನೊಂದು ಇಳಿಯಬೇಕು. ನರ್ಸ್ ಮೇಲೆ ಬರಬೇಕಾದರೆ ಅವಳಿಗೆ ಸಮತೂಕದವರೊಬ್ಬರು ಆರನೇ ಅಂತಸ್ತಿನಿಂದ ಕೆಳಗಿಳಿಯಬೇಕು.

"ಯಾರಪ್ಪಾ ಇಳಿಯೋರು, ಪ್ರಾಣದ ಮೇಲೆ ಆಸೆ ಇಲ್ದೋರು?" ಎಂದಳು ತಿತೀನಮ್ಮ.

ಎಲ್ಲರೂ ಬಾಲ್ಕನಿಯಿಂದ ಒಳಕ್ಕೆ ಸರಿದರು. ಕೊನೆಗೆ ಅವಳೇ ಶಿಲುಬೆ ಮುಟ್ಟಿಕೊಂಡು ಬುಟ್ಟಿಯಲ್ಲಿ ಕೂತಳು. ಕೆಳಗಿಳಿದವಳು ನೆಲಕ್ಕೆ ಒಂದು ಮೊಳ ಮೇಲೆ ತೂಗಾಡುತ್ತಾ, ಮುಖಕ್ಕೆ ಬಿಸಿಲು ಹೊಡೆಸಿಕೊಂಡು, ಎದುರಿನ ಅಂಗಡಿಯವನ ಜೊತೆ ಅರ್ಧ ಗಂಟೆ ಅವನ ನಾದಿನಿಯ ವಿಷಯ ಮಾತಾಡಿದಳು. ತಿಂಗಳಿಂದ ಗೋಡೆ ನೋಡುತ್ತಿದ್ದ ಜನ ನಾವು. ಬಾಲ್ಕನಿಗಳಲ್ಲಿ ಎಲ್ಲರ ಕತ್ತೂ ಅವಳ ಕಡೆಗೇ ಚಾಚಿತು.

ಮಾರನೆಯ ದಿನ ಸಮತೂಕವಾಗಲು ಇಡೀ ಕಟ್ಟಡವೇ ಸಾಲುಗಟ್ಟಿತು. ನರ್ಸಿನ ಸೇವೆಗಾಗಿ ಪ್ರಾಣವನ್ನೇ ಕೊಡುತ್ತೇವೆಂದು ಎಲ್ಲರೂ ಹೇಳಿದರು. ಸರದಿಯನ್ನು ಸಾವಿರ ಪಾಲಿನ ಲೆಕ್ಕದಲ್ಲೇ ಹಂಚಲಾಯಿತು, ಹಾಗಾಗಿ ವಾರದ ಅರ್ಧ ತ್ಯಾಗ ವಕೀಲರ ಪಾಲಿಗೆ ಬಂತು. ಉಳಿದವರು ತಮ್ಮ ಸರದಿಯನ್ನು ಮಾರಿಕೊಂಡರು. ಅಂಗಡಿಗಳಲ್ಲಿ ಯೀಸ್ಟ್ ಸಿಗದ ಕಾಲ ಅದು. ಒಂದು ಇಳಿತಕ್ಕೆ ಎರಡು ಪೊಟ್ಟಣ ಯೀಸ್ಟ್ ಎಂಬುದು ನಿಗದಿತ ದರವಾಯಿತು. ಬ್ರೇಕು ಹಿಡಿದವನಿಗೆ ಅರ್ಧ ಪೊಟ್ಟಣ. ಅದು ಲಂಚವಲ್ಲ, ಸಂಪ್ರದಾಯ.

ಕ್ರಮ ಹೀಗಿತ್ತು. ಸಮತೂಕದವರು ಮೊದಲು ಲಿಫ್ಟಿನಲ್ಲಿ ಆರನೇ ಅಂತಸ್ತಿಗೆ ಹೋಗುವುದು. ಬುಟ್ಟಿಯಲ್ಲಿ ಇಳಿಯುವುದು. ರೊಸಾಲ್ಬಾ ಮೇಲೇರುವುದು. ಇಳಿದವರು ಗಾಳಿ ಸೇವಿಸಿ, ಸಿಗರೇಟು ಕೊಂಡು, ಬೀದಿ ಸೋಕದಂತೆ ಹೆಬ್ಬಾಗಿಲೊಳಕ್ಕೆ ಕಾಲು ಚಾಚಿ ಇಳಿದು, ಮತ್ತೆ ಲಿಫ್ಟಿನಲ್ಲಿ ಮನೆ ಸೇರುವುದು.

ಒಂದು ದಿನ ರೊಸಾಲ್ಬಾ ಬುಟ್ಟಿಯಲ್ಲಿ ಕೂರುತ್ತಾ ಕೇಳಿದಳು: "ಆನಿಯೆಲ್ಲೊ ಮಾಮ, ನನ್ನನ್ನ ಮೇಲೆತ್ತೋಕೆ ಅವ್ರು ಲಿಫ್ಟಲ್ಲಿ ಹೋಗ್ತಾರೆ. ನಾನೇ ಲಿಫ್ಟಲ್ಲಿ ಹೋದ್ರೆ?"

"ಆಗ ಅವ್ರು ಇಳಿಯೋದು ಹೆಂಗಮ್ಮ?" ಎಂದೆ.

ಭೌತಶಾಸ್ತ್ರ ಎಲ್ಲರಿಗೂ ಒಮ್ಮೆಲೇ ಅರ್ಥವಾಗುವುದಿಲ್ಲ.

ಗಸ್ತಿಗೆ ಬಂದ ಪೊಲೀಸ್ ಸವಾರೆಸೆಗೂ ಅರ್ಥವಾಗಲಿಲ್ಲ. ಹೊರಗೆ ಹೆಜ್ಜೆಯಿಡಬೇಕಾದರೆ ಕಾರಣ ಬರೆದ ಕಾಗದ ಕೈಯಲ್ಲಿರಬೇಕಾದ ದಿನಗಳವು. ಅವನು ಬಂದಾಗ ವಕೀಲರು ಬೀದಿಯ ಮೇಲೆ ತೂಗಾಡುತ್ತಾ ಸಿಗರೇಟು ಸೇದುತ್ತಿದ್ದರು.

"ಸ್ವಾಮಿ, ಮನೆ ಬಿಟ್ಟು ಬಂದಿದೀರಲ್ಲ, ಕಾಗದ ಎಲ್ಲಿ?"

"ಯಾರ್ರೀ ಮನೆ ಬಿಟ್ಟಿದ್ದು? ಈ ಹಗ್ಗ ಕಟ್ಟಡದ್ದು. ಬುಟ್ಟಿ ಕಟ್ಟಡದ್ದು. ಹಗ್ಗ ಹೋಗೋವರೆಗಿನ ಗಾಳಿಯೂ ಕಟ್ಟಡದ್ದೇ. ನಾನು ಕಾನೂನಿನ ಪ್ರಕಾರ ಮನೆಯೊಳಗೇ ಇದೀನಿ."

ಸವಾರೆಸೆ ಸುಗ್ರೀವಾಜ್ಞೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗಾಳಿಯಲ್ಲಿರುವ ನಾಗರಿಕರ ವಿಷಯ ಅದರಲ್ಲಿರಲಿಲ್ಲ. "ಗಾಳಿಯೂ ಕಟ್ಟಡವೇ ಎಂದು ವಕೀಲರ ಹೇಳಿಕೆ" ಎಂದು ಬರೆದುಕೊಂಡು ಅವರಿಂದ ಸಹಿ ಹಾಕಿಸಿಕೊಂಡ. ಆಮೇಲೆ, ಭಾನುವಾರ ಒಂದು ಸರದಿ ಸಿಕ್ಕೀತೇ ಎಂದು ನನ್ನನ್ನು ಮೆಲ್ಲಗೆ ಕೇಳಿದ.

ತೊಡಕು ಬಂದದ್ದು ಬೇರೆ ಕಡೆಯಿಂದ. ಯೀಸ್ಟ್ ಇದ್ದಮೇಲೆ ಪಿಜ್ಜಾ, ಪಿಜ್ಜಾ ಇದ್ದಮೇಲೆ ಹೊಟ್ಟೆ. ನಾವು ದಿನದಿನಕ್ಕೂ ಊದಿದೆವು. ರೊಸಾಲ್ಬಾ ದಿನದಿನಕ್ಕೂ ಸವೆದಳು. ಹಗ್ಗದ ಎರಡು ತುದಿಗೂ ಹೊಂದಾಣಿಕೆ ತಪ್ಪಿತು. ವಕೀಲರು ಬುಟ್ಟಿ ಹತ್ತಿದರೆ ರೊಸಾಲ್ಬಾ ಬಾಟಲಿಯ ಬಿರಡೆಯಂತೆ ಮೇಲೆ ಚಿಮ್ಮುತ್ತಿದ್ದಳು. ನನ್ನಂಥ ಬ್ರೇಕಿನವನಿರದಿದ್ದರೆ ಅವಳು ಇಷ್ಟರಲ್ಲಿ ಕಾಪ್ರಿ ದ್ವೀಪದಲ್ಲಿರುತ್ತಿದ್ದಳು. ಸಭೆ ಸೇರಿ ಅವಳಿಗೆ ನೋಟಿಸ್ ಕೊಡಲಾಯಿತು:

"ತಾವು ಕಟ್ಟಡದ ಅನುಮತಿಯಿಲ್ಲದೆ ತೂಕ ಕಳೆದುಕೊಂಡು ನಿವಾಸಿಗಳ ಪ್ರಾಣಕ್ಕೆ ಸಂಚಕಾರ ತಂದಿರುತ್ತೀರಿ. ಇದು ಕರ್ತವ್ಯಲೋಪ. ಹಿಂದಿನ ತೂಕಕ್ಕೆ ಮರಳುವವರೆಗೆ ತಾವು ಬುಟ್ಟಿಯಲ್ಲಿ ಕಲ್ಲುಗಳನ್ನು ಇಟ್ಟುಕೊಳ್ಳತಕ್ಕದ್ದು. ಕಲ್ಲುಗಳನ್ನು ತಾವೇ ತರತಕ್ಕದ್ದು."

ರೊಸಾಲ್ಬಾ ನೋಟಿಸನ್ನು ಮಡಚಿ ಜೇಬಿಗಿಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ಹೇಳಿದಷ್ಟು ಕಲ್ಲು ತಂದಳು. ವಕೀಲರು ಮೇಲಿಂದ ಹೊರಟರು, ಅವಳು ಕೆಳಗಿಂದ ಹೊರಟಳು. ಅವಳ ಬುಟ್ಟಿ ಐದನೇ ಅಂತಸ್ತು ದಾಟಿದಾಗ ಆರನೆಯದರ ಕಂಬಿ ಕೈಗೆಟುಕಿತು. ಆಸ್ಪತ್ರೆಯಲ್ಲಿ ಎಂಥೆಂಥ ರೋಗಿಗಳ ಕೈಕಾಲನ್ನೋ ಕಟ್ಟಿದ ಕೈ ಅದು. ಬುಟ್ಟಿಯ ಹಗ್ಗವನ್ನು ಕಂಬಿಗೆ ಸುತ್ತಿ ಒಂದು ಗಂಟು ಹಾಕಿದಳು. ಕಂಬಿ ಹತ್ತಿ ಬಾಲ್ಕನಿಗೆ ಹಾರಿದಳು. ಕೆಳಗೆ ವಕೀಲರು ಮೊದಲ ಅಂತಸ್ತಿನ ಮಟ್ಟದಲ್ಲಿ ನಿಂತುಬಿಟ್ಟರು. ಸರಿಯಾಗಿ ತಮ್ಮ ಮನೆಯ ಬಾಲ್ಕನಿಯ ಮುಂದೆ, ಕೈಗೆ ಎರಡು ಮೊಳ ದೂರದಲ್ಲಿ. ಒಳಗೆ ಮೇಜಿನ ಮೇಲೆ ಅವರ ಕಾಫಿ ಕಾಣುತ್ತಿತ್ತು.

"ಏಯ್ ಆನಿಯೆಲ್ಲೊ, ಬಿಡೋ ಬ್ರೇಕು."

"ಬಿಟ್ಟಿದೀನಿ ವಕೀಲ್ರೇ. ಗಂಟು ಬಿಟ್ಟಿಲ್ಲ."

"ರೊಸಾಲ್ಬಾ, ಗಂಟು ಬಿಚ್ಚಮ್ಮ."

ಮೇಲಿಂದ ಅವಳ ದನಿ ಬಂತು, ಆಗಲೇ ಅರ್ಧ ನಿದ್ದೆ ಅದರಲ್ಲಿತ್ತು. "ಲಿಫ್ಟಿನ ನಿರ್ಣಯ ಮಾಡಿ. ನಾನು ಎದ್ದಮೇಲೆ ಬಿಚ್ತೀನಿ." ಕಿಟಕಿ ಮುಚ್ಚಿಕೊಂಡಿತು.

ತಮ್ಮ ತಮ್ಮ ಬಾಲ್ಕನಿಗಳಲ್ಲೇ ಸಭೆ ಸೇರಿತು. ನಾವೆಲ್ಲ ಪರವಾಗಿ ಕೈಯೆತ್ತಿದರೂ ಪಾಲು ಸಾಲಲಿಲ್ಲ. ದಪ್ಪ ಮತ ತೂಗಾಡುತ್ತಾ ಇತ್ತು. ಮಧ್ಯಾಹ್ನದವರೆಗೆ ವಕೀಲರು ಸಂವಿಧಾನದ ಬಗ್ಗೆ ಮಾತಾಡಿದರು. ಊಟದ ಹೊತ್ತಿಗೆ ಅವರ ಹೆಂಡತಿ ಬೆಳ್ಳುಳ್ಳಿ ಹಾಕಿ ಕಪ್ಪೆಚಿಪ್ಪಿನ ಪಾಸ್ತಾ ಮಾಡಿ, ಬಾಲ್ಕನಿಯ ಬಾಗಿಲು ತೆರೆದಿಟ್ಟುಕೊಂಡು, ಒಬ್ಬಳೇ ಉಂಡಳು.

"ಸ್ವಲ್ಪ ಎಸಿಯೇ, ಮಾರಾಯ್ತಿ."

"ಕೈ ಎತ್ರೀ ಮೊದ್ಲು. ಆ ಹುಡುಗಿ ಮೇಲೆ ಕರುಣೆ ಇಲ್ಲ, ಕಡೇಪಕ್ಷ ನಿಮ್ಮ ಹೊಟ್ಟೆ ಮೇಲಾದ್ರೂ ಇರ್ಲಿ."

ವಕೀಲರು ಕೈಯೆತ್ತಿದರು. ರೊಸಾಲ್ಬಾ ಮಾತ್ರ ಸಂಜೆಗೇ ಎದ್ದದ್ದು; ಅವಳು ಕೊಟ್ಟ ಮಾತೂ ಅದೇ.

ನೆಲ ಮುಟ್ಟಿದ ಕೂಡಲೇ ವಕೀಲರು ಘೋಷಿಸಿದರು: "ಈ ನಿರ್ಣಯ ಅಸಿಂಧು. ಸಭೆಯ ಮತ ಕಟ್ಟಡದೊಳಗೇ ಬೀಳಬೇಕು. ನಾನು ಕೈಯೆತ್ತಿದ್ದು ಹೊರಗೆ."

ಸವಾರೆಸೆ ಅಲ್ಲೇ ಇದ್ದ. ತನ್ನ ಸರದಿ ವಿಚಾರಿಸಲು ಬಂದಿದ್ದ. "ಹೊರಗೇ ಇದ್ರಾ ಸ್ವಾಮಿ? ಬೆಳಿಗ್ಗೆಯಿಂದಾ? ಹಂಗಾದ್ರೆ ದಂಡ ಬರೀಬೇಕಾಗುತ್ತೆ. ಇಷ್ಟು ದಿನ ತೂಗಿದ್ದೂ ಸೇರಿ."

ವಕೀಲರು ಹೆಬ್ಬಾಗಿಲೊಳಕ್ಕೆ ಒಂದು ಹೆಜ್ಜೆ ಇಟ್ಟರು. "ಒಳಗೇ ಇದ್ದೆ," ಎಂದರು.

ಹೀಗೆ ರೊಸಾಲ್ಬಾಗೆ ಲಿಫ್ಟ್ ಸಿಕ್ಕಿತು. ಮಾರನೆಯ ಬೆಳಿಗ್ಗೆ ಅವಳು ಅದರೊಳಗೆ ನಿಂತು, ಗುಂಡಿ ಒತ್ತಿ, ಯಾರನ್ನೂ ಇಳಿಸದೆ ಮೇಲೇರಿದಳು. ಆದರೆ ವಕೀಲರೂ ಸುಮ್ಮನೆ ಕೂರುವವರಲ್ಲ. ಅಂದೇ ಇನ್ನೊಂದು ನಿಯಮ ಹೊರಬಿತ್ತು: ನರ್ಸ್ ಬಳಸಿದ ಲಿಫ್ಟನ್ನು, ವೈದ್ಯಕೀಯ ಅರ್ಹತೆಯುಳ್ಳ ನಿವಾಸಿಯೊಬ್ಬರು ಅದು ಕ್ಷೇಮವೆಂದು ಹೇಳುವವರೆಗೆ, ಬೇರಾರೂ ಬಳಸತಕ್ಕದ್ದಲ್ಲ. ಅವಳು ನಾಚಿ ಬಿಟ್ಟುಕೊಟ್ಟಾಳೆಂದು ಅವರ ಎಣಿಕೆ. ಇಡೀ ಕಟ್ಟಡದಲ್ಲಿ ವೈದ್ಯಕೀಯ ಅರ್ಹತೆಯುಳ್ಳವರು ಒಬ್ಬರೇ ಎಂಬುದನ್ನು ನಿಯಮಕ್ಕೆ ಸಹಿ ಬಿದ್ದ ಮೇಲೆ ತಿತೀನಮ್ಮ ಎತ್ತಿ ತೋರಿಸಿದಳು.

ಅಂದಿನಿಂದ ಲಿಫ್ಟಿನಲ್ಲಿ ರೊಸಾಲ್ಬಾ ಒಬ್ಬಳೇ. ಮೆಟ್ಟಿಲು ಹತ್ತಲು ಹೊಟ್ಟೆ ಬಿಡದ ಉಳಿದ ನಾವೆಲ್ಲ ಬುಟ್ಟಿಯಲ್ಲಿ. ಲಾಕ್‌ಡೌನ್ ಮುಗಿಯಿತು, ಮಾಸ್ಕುಗಳು ಹೋದವು, ಬುಟ್ಟಿಗಳು ಉಳಿದವು. ಹೊರಗೆ ಹೊರಟವರು ಒಳಗೆ ಬರುವವರಿಗಾಗಿ ಕಾಯುತ್ತಾರೆ, ಅಷ್ಟೇ. ಮದುವೆಯ ಮಾತುಕತೆಯಲ್ಲಿ ಈಗ ವರನ ತೂಕವನ್ನೂ ಕೇಳುತ್ತೇವೆ. ನಗರಸಭೆಯವರು ಬಂದು ನೋಡಿ, ಇದೊಂದು ಸಾರಿಗೆ ಮಾರ್ಗವೆಂದು ಒಪ್ಪಿ, ಬೀದಿಯಲ್ಲಿ ತಂಗುದಾಣದ ಫಲಕ ನೆಟ್ಟರು. ನಾನು ಮತ್ತೆ ಬ್ರೇಕಿನವನಾದೆ. ಟೋಪಿಯನ್ನೂ ಕೊಟ್ಟಿದ್ದಾರೆ.

ಮೊನ್ನೆ ನನ್ನ ಮಂಡಿ ನೋಯುತ್ತಿತ್ತು, ಮೇಲೆ ಮಳೆ ಬೇರೆ. ರೊಸಾಲ್ಬಾ ಪಾಳಿ ಮುಗಿಸಿ ಬಂದಳು. ಈಗ ಕೆನ್ನೆ ತುಂಬಿಕೊಂಡಿವೆ. ಲಿಫ್ಟಿನೊಳಗೆ ಒಂದು ಕುರ್ಚಿ, ಒಂದು ಓದುವ ದೀಪ ಇಟ್ಟುಕೊಂಡಿದ್ದಾಳೆ. ಯಾರೂ ಕೇಳಿಸಿಕೊಳ್ಳದಂತೆ ನಾನು ಹತ್ತಿರ ಹೋದೆ.

"ಮಗಳೇ, ಕಾಯಿಲೆ ಹೋಗಿ ಎಷ್ಟೋ ಕಾಲ ಆಯ್ತು. ಲಿಫ್ಟು ಕ್ಷೇಮ ಅಂತ ಒಂದು ಮಾತು ಹೇಳ್ಬಿಡು, ಎಲ್ಲಾ ಮುಗಿದುಹೋಗುತ್ತೆ."

ಅವಳು ಕುರ್ಚಿಯಲ್ಲಿ ಕೂತು, ಬಹಳ ಜವಾಬ್ದಾರಿಯಿಂದ ಯೋಚಿಸಿದಳು.

"ನೋಡಿ ಮಾಮ, ನಾನು ನರ್ಸು. ಆತುರಪಟ್ಟು ಹೇಳೋಕಾಗಲ್ಲ. ನಿಮ್ಮೆಲ್ಲರ ಮೇಲೆ ಅಷ್ಟು ಗೌರವ ಇದೆ ನನಗೆ."

ಬಾಗಿಲು ಮುಚ್ಚಿತು. ಲಿಫ್ಟ್ ಮೇಲೇರಿತು. ಅವಳ ಮಾತಿನಲ್ಲಿ ನ್ಯಾಯವಿದೆ ಎನ್ನಿಸಿ, ಕೊಡೆ ಬಿಚ್ಚಿಕೊಂಡು, ಮೇಲಿಂದ ನನ್ನ ತೂಕದವರು ಯಾರಾದರೂ ಹೊರಟಾರೆಂದು ಬ್ರೇಕಿನ ಹಗ್ಗ ಹಿಡಿದು ಬುಟ್ಟಿಯಲ್ಲಿ ಕಾಯುತ್ತಾ ಕೂತೆ.