ಕಂಪ್ಯೂಟರಿಗೆ ಸಾಗುವಾನಿ ಚೌಕಟ್ಟು

...ಹಾಂ, ಅಲ್ಲಿಗೇ ಬಂದೆ! ಅಕ್ಕನ ಮನೆಯ ಹಳೇ ಕಂಪ್ಯೂಟರು ಟಕ್ ಟಕ್ ಅನ್ನತೊಡಗಿತ್ತಲ್ಲ, ಅಲ್ಲಿಗೇ. ಅದರ ಹಾರ್ಡ್ ಡಿಸ್ಕು ಕೊನೆಯುಸಿರು ಎಳೆಯುತ್ತಿತ್ತು.

ನಮ್ಮ ಭಾವ ಬಡಗಿ, ಅಕ್ಕ ದರ್ಜಿ. ಹನ್ನೊಂದು ವರ್ಷದ ಗಿರಾಕಿಗಳ ಅಳತೆಯೆಲ್ಲ ಆ ಡಿಸ್ಕಿನೊಳಗೇ ಇತ್ತು. ಸೋಮವಾರಕ್ಕೆ ಕೊಡಬೇಕಾದ ನಲವತ್ತು ಗಾಯಕರ ಕೋಟಿನ ಅಳತೆಯೂ ಸೇರಿ! ಬೇರೆಲ್ಲೂ ಪ್ರತಿ ಇರಲಿಲ್ಲ.

"ಮೆಕ್ಯಾನಿಕ್ಕನ್ನ ಕರೀರಿ," ಅಂದಳು ಅಕ್ಕ.

"ಯಾಕೆ? ಮೂವತ್ತು ವರ್ಷ ಬಾಗಿಲು ಕೂರಿಸಿದವನಿಗೆ ಒಂದು ಡಬ್ಬಿ ಕೂರಿಸಕ್ಕಾಗಲ್ವಾ? ಹೊಸದನ್ನ ನಾನೇ ಆರಿಸ್ತೀನಿ!" ಎಂದು ಭಾವ ಎದೆಯುಬ್ಬಿಸಿದರು. ಹಳೇ ಡಿಸ್ಕನ್ನು ಬಿಚ್ಚಿ, ಟೇಪು ಹಿಡಿದು ಅಳೆದರು. ಅಗಲ ಸರಿಯಾಗಿ ನಾಲ್ಕು ಇಂಚು. ಅಂಗಡಿಯವನಿಗೆ ಫೋನು ಹೋಯಿತು.

"ನಾಲ್ಕಿಂಚಿನ ಡಿಸ್ಕ್ ಕೊಡಪ್ಪಾ."

"ನಾಲ್ಕಿಂಚಿಂದು ಬರಲ್ಲ ಸಾರ್. ನಿಮ್ಮ ಕಂಪ್ಯೂಟರಿಗೆ ಮೂರೂವರೆ ಇಂಚಿಂದೇ."

"ನನ್ನ ಟೇಪು ಸುಳ್ಳು ಹೇಳುತ್ತೇನಯ್ಯಾ?"

"ಮೂರೂವರೆ ಅನ್ನೋದು ಬರೀ ಹೆಸರು ಸಾರ್! ಕಳಿಸ್ತೀನಿ, ಕೂರಿಸಿ ನೋಡಿ, ಕೂರುತ್ತೆ."

ಭಾವ ಫೋನಿಟ್ಟು ಅಕ್ಕನ ಕಡೆ ತಿರುಗಿದರು. "ನೋಡಿದ್ಯಾ? ಅರ್ಧ ಇಂಚು ನುಂಗ್ತಾನೆ! ಡಿಸ್ಕು ಒಳಗೆ ಲೊಡಲೊಡ ಅನ್ನಲ್ವಾ? ಇರ್ಲಿ, ನಾವೂ ಕಸುಬಿನೋರೇ."

ಡಿಸ್ಕು ಮನೆಗೆ ಬರುವ ಮೊದಲೇ ಸಾಗುವಾನಿಯ ಚೌಕಟ್ಟು ಸಿದ್ಧವಾಯಿತು. ಎರಡೂ ಬದಿಗೆ ಕಾಲು ಕಾಲು ಇಂಚಿನ ಪಟ್ಟಿ. ಉಜ್ಜಿದರು, ಪಾಲಿಶ್ ಹೊಡೆದರು, ಕಂಪ್ಯೂಟರಿನೊಳಗೆ ಭದ್ರವಾಗಿ ಅಂಟಿಸಿಯೂಬಿಟ್ಟರು! ಅರಮನೆಯ ಕಿಟಕಿಗೂ ಅಂಥ ನಯ ಇರಲಿಕ್ಕಿಲ್ಲ.

ಸಂಜೆ ಹೊಸ ಡಿಸ್ಕು ಬಂತು. ಒತ್ತಿದರು. ಹೋಗಲಿಲ್ಲ. ಓರೆ ಮಾಡಿದರು. ಊಹ್ಞೂಂ. ಬೆವರು ಒರೆಸಿಕೊಂಡು ಟೇಪು ತೆಗೆದರು.

ಹೊಸ ಡಿಸ್ಕೂ ಸರಿಯಾಗಿ ನಾಲ್ಕು ಇಂಚು!

ಹಳೇದನ್ನಾದರೂ ಹಾಕೋಣವೆಂದರೆ ಅದೂ ಹೋಗದು. ಉಳಿ ತಂದು ಮೀಟಿದರು. ಚೌಕಟ್ಟು ಮಿಸುಕಲಿಲ್ಲ, ಕಂಪ್ಯೂಟರಿನ ತಗಡೇ ಬಾಗತೊಡಗಿತು.

"ರೀ, ನಿಲ್ಲಿಸ್ರೀ! ನಲವತ್ತು ಜನಕ್ಕೆ ನಾನೇನು ದುಪ್ಪಟಿ ಹೊದಿಸಿ ಕಳಿಸ್ಲಾ?" ಅಕ್ಕ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. ಭಾವನ ಕೈಯಿಂದ ಉಳಿ ಜಾರಿತು.

ಅಕ್ಕನೇ ಅಂಗಡಿಯವನಿಗೆ ಫೋನು ಮಾಡಿದಳು. "ಒಳಗೇ ಕೂರಿಸಬೇಕಂತ ಏನಿಲ್ಲ ಮೇಡಂ. ಹಳೇದು ಹೊಸದು ಎರಡನ್ನೂ ಹೊರಗೆ ಮೇಜಿನ ಮೇಲಿಟ್ಟು ವೈರು ಚುಚ್ಚಿ, ಅದರಿಂದ ಇದಕ್ಕೆ ಕಾಪಿ ಮಾಡ್ಕೊಳ್ಳಿ, ಸಾಕು," ಅಂದ. ಅಕ್ಕ ಬಟ್ಟೆ ಮಡಚಿ ಹಾಸಿ, ಎರಡೂ ಡಿಸ್ಕುಗಳನ್ನು ಅಕ್ಕಪಕ್ಕ ಮಲಗಿಸಿ ವೈರು ಚುಚ್ಚಿದಳು. ಟಕ್... ಟಕ್... ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಒಂದು ಗಂಟೆಯಲ್ಲಿ ಅಳತೆಗಳೆಲ್ಲ ಹೊಸ ಡಿಸ್ಕಿಗೆ ದಾಟಿದವು. ನಲವತ್ತು ಕೋಟೂ ಕ್ಷೇಮ! ಭಾವ ಕುರ್ಚಿಯಲ್ಲಿ ಬೆಣ್ಣೆಯಂತೆ ಕರಗಿದರು.

"ಅಲ್ರೀ, ಆ ಅಂಗಡಿಯವನು ಹೇಳಿದ್ದನ್ನ ಮೊದಲೇ ನಂಬಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ ಕಣೇ," ಅಂದರು ಭಾವ, ತಲೆ ತಗ್ಗಿಸಿ.

ಚೌಕಟ್ಟು ಈಗಲೂ ಒಳಗೇ ಇದೆ, ಡಿಸ್ಕು ಹೊರಗೇ ಇದೆ. ಬಿಡುವಾದಾಗ ನೀವೊಮ್ಮೆ ಹೋಗಿ ಅಕ್ಕ ಭಾವ ಇಬ್ಬರನ್ನೂ ಮಾತಾಡಿಸಿ ಬನ್ನಿ. ಪಾಲಿಶ್ ಚೆನ್ನಾಗಿದೆ ಅಂತ ಭಾವನಿಗೆ ಒಂದು ಮಾತು ಹೇಳಿಬಿಡಿ, ಪಾಪ!